ಮೂರನೆಯ ತೊಟ್ಟಿ

ಮನೆಯಿಂದ, ಗುರುವಾರ ಬೆಳಿಗ್ಗೆ
ಜೂನ್ ೫

ಪ್ರೀತಿಯ ನಿಮಗೆ,

ಸುರಂಗದ ಕೆಲಸದ ಧೂಳಿಗೆ ಕೆಮ್ಮು ಹೆಚ್ಚಾಗಿದೆ ಎಂದು ಬರೆದಿದ್ದಿರಿ. ಈಗ ಹೇಗಿದೆ? ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದೀರಾ, ಇಲ್ಲಾ ಅದನ್ನು ಬೆವರು ಒರೆಸಲಿಕ್ಕೇ ಇಟ್ಟುಕೊಂಡಿದ್ದೀರಾ? ನಿಮ್ಮ ಬುದ್ಧಿ ನನಗೆ ಗೊತ್ತು. ಇಲ್ಲಿ ನಿಮ್ಮ ಅಮ್ಮ, ನಾನು, ಗುಬ್ಬಿ ಮೂವರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಏಳುತ್ತಿಲ್ಲ. ಗುಬ್ಬಿ ನನ್ನ ಕಾಲ ಬಳಿಯೇ ಚಮಚ ಬಡಿದುಕೊಂಡು ಆಡುತ್ತಿದ್ದಾಳೆ ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದುವಾಗ ನಿಮ್ಮ ಎದೆ ಒಡೆಯಬಾರದು.

ನಮ್ಮ ಎರೆಹುಳುಗಳು ಸತ್ತುಹೋದವು. ಸೋಮವಾರ ಗೊಬ್ಬರದ ತೊಟ್ಟಿಗಳ ಗೋಣಿಚೀಲ ಸರಿಸಿ ಕೈ ಹಾಕಿದರೆ ಒಂದೂ ಅಲುಗಲಿಲ್ಲ. ಮೊದಲನೆಯ ತೊಟ್ಟಿಯಲ್ಲೂ ಅಷ್ಟೇ, ಎರಡನೆಯದರಲ್ಲೂ ಅಷ್ಟೇ. ಬಿಳಿಚಿಕೊಂಡ ದಾರದ ತುಂಡುಗಳ ಹಾಗೆ ಬಿದ್ದಿದ್ದವು. ಹುಳ ಎಂದರೆ ಮಂಚ ಹತ್ತುತ್ತಿದ್ದವಳು ನಾನು. ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಕಣ್ಣೀರು ಹಾಕಿದೆ. ಇಟ್ಟಿಗೆ ಗೂಡಿನವರು ಮೇಲ್ಮಣ್ಣು ಕೆರೆದುಕೊಂಡು ಹೋದ ಮೇಲೆ ನಮ್ಮ ಪಾಲಿಗೆ ಉಳಿದದ್ದು ಹಂಚಿನಂಥ ನೆಲ ತಾನೆ. ಹೋದ ಸಲ ಬರಿಮಣ್ಣಿನ ಸಾಲುಗಳಲ್ಲಿ ಮೆಕ್ಕೆಜೋಳ ಮೊಣಕಾಲಿಗೇ ನಿಂತು ಗರಿಯೆಲ್ಲ ನೇರಳೆ ತಿರುಗಿತ್ತು, ತೆನೆ ಸುಲಿದರೆ ಕಾಳಿಲ್ಲದ ಬೊಚ್ಚುಬಾಯಿ. ಬೀಜದ ಜೊತೆ ಹಿಡಿ ಎರೆಗೊಬ್ಬರ ಬಿದ್ದ ಸಾಲುಗಳಲ್ಲಿ ಮಾತ್ರ ನೀವು ಒಳಗೆ ಹೊಕ್ಕರೆ ತಲೆ ಕಾಣುತ್ತಿರಲಿಲ್ಲ. ಈ ಸಲ ಇಡೀ ಹೊಲಕ್ಕೆ ಹಾಕುವ ಎಂದು ಅತ್ತೆ, ನಾನು ಎಷ್ಟು ಆಸೆಯಿಂದ ಸಾಕಿದ್ದೆವು.

ಅತ್ತೆ ಬಂದು ನೋಡಿ, "ಸೋಪಿನ ನೀರು ಬಿಟ್ಯೇನೇ?" ಅಂದರು. ಇಲ್ಲ. ಇರುವೆಯೂ ಮುತ್ತಿರಲಿಲ್ಲ. ಕಾವು ಏರಿತ್ತೇನೋ ಎಂದು ಮೊಣಕೈವರೆಗೂ ಕೈ ಇಳಿಸಿದೆ, ತಣ್ಣಗಿತ್ತು. "ನೀನು ದಿನಾ ಹೋಗಿ ಮುಟ್ಟಿ ಮುಟ್ಟಿ ನೋಡ್ತೀಯಲ್ಲ, ಹುಳಕ್ಕೂ ಪರೀಕ್ಷೆ ಭಯ ಹಿಡೀತು" ಎಂದು ನಗಿಸಲು ನೋಡಿದರು. ಕೊನೆಗೆ ಮೂರನೆಯ ತೊಟ್ಟಿಯ ಚೀಲ ಎತ್ತಿದೆ. ಅಲ್ಲಿ ಹುಳುಗಳು ಗಿಜಿಗುಡುತ್ತಿದ್ದವು! ಅದೇ ನೆರಳು, ಅದೇ ನೀರು. ಆ ತೊಟ್ಟಿಗೆ ಬಿದ್ದದ್ದು ಪಕ್ಕದ ಮನೆಯ ಎಮ್ಮೆಯ ಸಗಣಿ. ಸತ್ತ ಎರಡಕ್ಕೂ ನಮ್ಮ ಹಸುವಿನದು. ಹಸುವಿಗೆ ಏನಾದರೂ ಕೊಟ್ಟಿರಾ ಎಂದು ಕೇಳಿದೆ. "ಸೊರಗಿತ್ತಲ್ಲ, ದನದ ಡಾಕ್ಟರನ್ನ ಕರೆಸಿ ಜಂತುಹುಳದ ಔಷಧಿ ಕುಡಿಸ್ದೆ. ನೀನು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದೆ, ಪಾಪ, ಎಬ್ಬಿಸೋದ್ಯಾಕೆ ಅಂತ..." ಅಂದರು.

ಹುಳ ಕೊಲ್ಲುವ ಔಷಧಿ ಸಗಣಿಯಲ್ಲಿ ಇಳಿದಿದ್ದರೆ ಹಾಲಿನಲ್ಲಿ? ಗುಬ್ಬಿ ಹೊಸ್ತಿಲ ಮೇಲೆ ಕೂತು ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿಯುತ್ತಿದ್ದಳು. ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ಲೋಟ ಕಿತ್ತುಕೊಂಡಾಗ ಅವಳು ಬಾಯಿ ತೆರೆದು ಅಳುತ್ತಿದ್ದುದು ಕಾಣಿಸುತ್ತಿತ್ತು, ಸದ್ದು ಮಾತ್ರ ಕಿವಿಗೆ ಬೀಳಲಿಲ್ಲ. ಅವಳನ್ನು ಕಂಕುಳಲ್ಲಿಟ್ಟುಕೊಂಡು ದನದ ಡಾಕ್ಟರ ಹತ್ತಿರ ಹೋದರೆ, "ಒಂದು ವಾರ ಹಾಲು ಚೆಲ್ಲಿ ಅಂತ ಅಜ್ಜಿಗೆ ಹೇಳಿದ್ನಲ್ಲಮ್ಮಾ" ಅಂದರು. ಹಿಂದೆಯೇ ಓಡಿಬಂದಿದ್ದ ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡು, "ಚೆನ್ನಾಗಿ ಕಾಯಿಸಿದ್ರೆ ಹೋಗುತ್ತೆ ಅಂದ್ಕೊಂಡೆ ಕಣೇ" ಅಂದರು. ಈಚೆಗೆ ಹಾಲನ್ನು ಎರಡು ಮೂರು ಸಲ ಉಕ್ಕಿಸುತ್ತಿದ್ದರು. ಎಷ್ಟು ಗಟ್ಟಿಯಾಗಿದೆ ಎಂದು ನಾನು ಮೆಚ್ಚಿಕೊಂಡೂ ಇದ್ದೆ.

ಮಕ್ಕಳ ಡಾಕ್ಟರು ಗುಬ್ಬಿಯ ಹೊಟ್ಟೆ ಒತ್ತಿ, ರಕ್ತ ತೆಗೆಸಿ ನೋಡಿದರು. ಏನೂ ಆಗಿಲ್ಲವಂತೆ, ಹಾಲಿಗೆ ಇಳಿದದ್ದು ಕೂದಲೆಳೆಯಷ್ಟಂತೆ. ನಂಬಿದ್ದೇನೆ. ಆದರೂ ಅವಳು ಮಲಗಿದರೆ ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ, ಎದ್ದರೆ ಕಣ್ಣ ರೆಪ್ಪೆ ಎಳೆದು ನೋಡುತ್ತೇನೆ. ಅವಳಿಗೆ ನನ್ನ ಮೇಲೆ ಸಿಟ್ಟೇ ಬಂದಿದೆ. ಈಗ ಪಕ್ಕದ ಮನೆಯ ಎಮ್ಮೆ ಹಾಲು ತರುತ್ತಿದ್ದೇವೆ. ಸತ್ತ ತೊಟ್ಟಿಗಳನ್ನು ಬರಿದು ಮಾಡಿ ತೊಳೆದು, ಮೂರನೆಯದರ ಹುಳುಗಳನ್ನು ಪಾಲು ಮಾಡಿದ್ದೇನೆ. ಇಡೀ ಹೊಲದ ಆಸೆ ಬಿಡಿ, ಈ ಸಲ ಕೆಳಗಿನ ಸಾಲುಗಳಿಗೆ ಸಿಕ್ಕಿದರೆ ಹೆಚ್ಚು.

ನಿಮ್ಮಲ್ಲಿಗೆ ಕಾಗದ ಒಯ್ಯುವ ಲಾರಿಯವನು ಹಾರ್ನ್ ಮಾಡುತ್ತಿದ್ದಾನೆ. ಹೊತ್ತಿಗೆ ಸರಿಯಾಗಿ ಉಣ್ಣಿ. ಗುಬ್ಬಿ ಈ ಕಾಗದದ ಮೂಲೆ ಚೀಪಿದ್ದಾಳೆ, ಅದನ್ನೇ ಅವಳ ಮುತ್ತು ಎಂದುಕೊಳ್ಳಿ.

ನಿಮ್ಮವಳು,
ಗುಬ್ಬಿಯ ಅಮ್ಮ

ತಾ.ಕ.: ಮುಖ್ಯವಾದದ್ದೇ ಉಳಿಯಿತು. ಸೋಮವಾರದಿಂದ ಅತ್ತೆ ಗುಬ್ಬಿಯನ್ನು ಎತ್ತಿಕೊಂಡಿಲ್ಲ. ಅವಳೇ ಹೋಗಿ ಕಾಲು ತಬ್ಬಿದರೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಾರೆ. ನಾನು ಏನು ಹೇಳಿದರೂ ಸೊಸೆಯ ಕನಿಕರ ಎಂದುಕೊಳ್ಳುತ್ತಿದ್ದಾರೆ. ಈಗ ನೋಡಿದರೆ ಗಂಟು ಕಟ್ಟಿ ಗೇಟಿನ ಹತ್ತಿರ ನಿಂತಿದ್ದಾರೆ, ಇದೇ ಲಾರಿಯಲ್ಲಿ ನಿಮ್ಮ ಅಕ್ಕನ ಮನೆಗೆ ಹೋಗಿಬಿಡುತ್ತಾರಂತೆ. ಜಾಗವಿಲ್ಲ ಎನ್ನುವಂತೆ ಡ್ರೈವರಿಗೆ ಕಣ್ಸನ್ನೆ ಮಾಡಿದ್ದೇನೆ. ಮುಂದಿನ ಲಾರಿ ಬರುವವರೆಗೆ ಹೇಗೋ ತಡೆದಿರುತ್ತೇನೆ. ಅದರಲ್ಲಿ ಎರಡು ಸಾಲು ಬರೆದು ಕಳಿಸಿ, ನನಗಲ್ಲ, ಅವರಿಗೆ. ಬೈಯಲೇಬೇಕು ಅನ್ನಿಸಿದರೆ ಆ ಕಾಗದ ಬೇರೆ ಇರಲಿ, ಅದನ್ನು ನನ್ನ ಹೆಸರಿಗೆ ಹಾಕಿ.