ಬಿಸಿಲಲ್ಲಿದ್ದ ರಿಂಗು

ಮನೆ, ಊಟದ ಮೇಜು
ಬುಧವಾರ, ಮಾರ್ಚ್ ೧೨

ನನ್ನ ಬಂಗಾರಿ ಮಗಳೇ,

ಕೆಮ್ಮು ಹೇಗಿದೆ? ಹಾಸ್ಟೆಲಿನಲ್ಲಿ ಬಿಸಿನೀರು ಕೇಳಿ ಇಸಿದುಕೊಳ್ಳುತ್ತೀಯೋ, ಸಂಕೋಚಪಟ್ಟು ತಣ್ಣೀರೇ ಕುಡಿಯುತ್ತೀಯೋ? ನಿನ್ನ ಅಮ್ಮ ಕೇಳು ಎಂದಳು, ಕೇಳಿದ್ದೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮಂಡಿನೋವು ಇವತ್ತು ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ಮೂರು ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದೆ.

ನೀನು ನನ್ನ ಹೆಸರಿನಲ್ಲಿ ಅರ್ಜಿ ತುಂಬಿದ್ದೆಯಲ್ಲ, ಆ ವಿಮಾನದ ಬಿಡಿಭಾಗಗಳ ಕಂಪನಿಯಲ್ಲಿ ಇವತ್ತು ಸಂದರ್ಶನ ಆಯಿತು. ನಮ್ಮ ಪಂಪಿನ ಕಾರ್ಖಾನೆ ಮುಚ್ಚಿ ಏಳು ತಿಂಗಳಾದ ಮೇಲೆ ಮೊದಲ ಸಲ ಇಸ್ತ್ರಿ ಮಾಡಿದ ಅಂಗಿ ತೊಟ್ಟೆ. ಕಾಯುವ ಕೋಣೆಯ ಬಾಗಿಲು ತೆಗೆದದ್ದೇ ತಡ, ಒಳಗಿದ್ದ ಒಂಬತ್ತು ಜನ ಹುಡುಗ ಹುಡುಗಿಯರು ದಡಬಡ ಎದ್ದು ನಿಂತು "ಗುಡ್ ಮಾರ್ನಿಂಗ್ ಸರ್" ಅಂದರು! ಸಂದರ್ಶನ ಮಾಡುವವನೇ ನಾನು ಅಂದುಕೊಂಡಿದ್ದರು. "ಕೂತ್ಕೊಳ್ರಪ್ಪಾ, ನಾನೂ ನಿಮ್ಮ ಹಾಗೇ ಕೆಲ್ಸ ಕೇಳೋಕೆ ಬಂದಿರೋನು" ಅಂದೆ. ಪಾಪ, ನಗಬೇಕೋ ಬೇಡವೋ ತಿಳಿಯದೆ ಮುಖಮುಖ ನೋಡಿಕೊಂಡರು. ಐವತ್ತಮೂರು ವರ್ಷದವನನ್ನು ಯಾರು ಕೇಳುತ್ತಾರೆ, ಎದ್ದು ಹೋಗಿಬಿಡೋಣ ಅನ್ನಿಸುವಷ್ಟರಲ್ಲಿ ನನ್ನನ್ನೇ ಮೊದಲು ಕರೆದರು.

ಒಳಗೆ ಇಬ್ಬರಿದ್ದರು. ತಪಾಸಣಾ ವಿಭಾಗದ ಮುಖ್ಯಸ್ಥೆ, ನಿನಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು, ಅಷ್ಟೇ. ಪಕ್ಕದಲ್ಲಿ ಗಡಿಯಾರ ನೋಡುತ್ತಲೇ ಮಾತಾಡುವ ಮ್ಯಾನೇಜರ್. ಆಕೆ ಕಿಟಕಿಯ ಕಟ್ಟೆಯಿಂದ ಊಟದ ತಟ್ಟೆಯಷ್ಟು ಅಗಲದ ಅಲ್ಯೂಮಿನಿಯಂ ರಿಂಗೊಂದನ್ನು ಎತ್ತಿ ಮುಂದಿಟ್ಟು, "ಅಳೆದು ನೋಡಿ, ಸರಿಯಿದ್ರೆ ಸಹಿ ಹಾಕಿ" ಅಂದರು. ಅಳೆದೆ. ಡ್ರಾಯಿಂಗಿನಲ್ಲಿದ್ದ ಮಿತಿಯೊಳಗೇ ಇತ್ತು. ಪೆನ್ನು ತೆಗೆದೆ. ಆದರೆ ರಿಂಗು ಹಿಡಿದ ಎಡಗೈಗೆ ಬೆಚ್ಚಗೆ ಅನ್ನಿಸಿತು. ಬೆಳಗಿನಿಂದ ಬಿಸಿಲಲ್ಲಿ ಕೂತಿತ್ತಲ್ಲ! ಬಿಸಿಯಾದ ಲೋಹ ಹಿಗ್ಗಿರುತ್ತದೆ, ಆಗ ಸಿಗುವ ಅಳತೆಯನ್ನು ನಂಬುವ ಹಾಗಿಲ್ಲ. "ಮೇಡಂ, ಇದು ತಣ್ಣಗಾಗ್ಲಿ, ಅರ್ಧ ಗಂಟೆ ಬಿಟ್ಟು ಇನ್ನೊಂದ್ಸಲ ಅಳೀತೀನಿ" ಅಂದೆ.

ಮ್ಯಾನೇಜರ್ ರೇಗಿದರು. "ಹೊರಗೆ ಒಂಬತ್ತು ಜನ ಕಾಯ್ತಿದಾರೆ ಸ್ವಾಮಿ. ಇದು ಆಗ್ಲೇ ಪಾಸಾಗಿರೋ ಪೀಸು."

"ಹಾಗಾದ್ರೆ ನಾನು ಸಹಿ ಹಾಕಲ್ಲ ಸಾರ್" ಅಂದುಬಿಟ್ಟೆ. ಪೆನ್ನನ್ನು ಜೇಬಿಗೆ ಸಿಕ್ಕಿಸಿದೆ ಮಗಳೇ. ಮನೆಬಾಗಿಲಿಗೆ ಬಂದ ಕೆಲಸವನ್ನು ಕೈಯಾರೆ ಓಡಿಸಿದೆನಲ್ಲ ಅನ್ನಿಸಿತು. ಮುಖ್ಯಸ್ಥೆ ಮಾತ್ರ ನನ್ನ ಮುಖವನ್ನೇ ನೋಡಿ, "ಹೊರಗೆ ಕೂತಿರಿ, ಕರೀತೀನಿ" ಅಂದರು.

ಆ ಅರ್ಧ ಗಂಟೆ ಎಷ್ಟು ಉದ್ದ ಇತ್ತು ಅಂತೀಯ! ಒಬ್ಬಳು ಹುಡುಗಿ ತನ್ನ ಬಾಟಲಿಯ ನೀರು ಕೊಟ್ಟಳು. ಮತ್ತೆ ಕರೆದಾಗ ರಿಂಗು ನೆರಳಲ್ಲಿ ತಣ್ಣಗೆ ಮಲಗಿತ್ತು. ಅಳೆದೆ. ಮಿತಿಗಿಂತ ಒಂದು ಕೂದಲೆಳೆಯಷ್ಟು ಕಡಿಮೆ! ಆಕೆ ತಾವೇ ಎರಡು ಸಲ ಅಳೆದರು. ಮ್ಯಾನೇಜರ್ ಗಡಿಯಾರ ನೋಡುವುದನ್ನೇ ಬಿಟ್ಟರು. ಆಕೆ ಫೋನೆತ್ತಿ, "ಈ ರಿಂಗಿನ ಜೊತೆ ತಯಾರಾದ ಲಾಟಿನದ್ದು ಒಂದೂ ಹೊರಗೆ ಹೋಗ್ಬಾರ್ದು, ಎಲ್ಲಾನೂ ತಣ್ಣಗೆ ಮಾಡಿ ಮತ್ತೆ ಅಳೀರಿ" ಅಂದರು. ನಾನು ಹೊರಡುವಾಗ ಬಾಗಿಲವರೆಗೂ ಬಂದರು. "ತಿಳಿಸ್ತೀವಿ" ಅಂದರಷ್ಟೇ, ಆದರೂ ನನಗೆ ಸಾಕೆನಿಸಿತು. ನಿನ್ನ ಅಮ್ಮನಿಗೆ ಇದನ್ನೆಲ್ಲ ಮೂರು ಸಲ ಹೇಳಿದೆ. ನಾಲ್ಕನೇ ಸಲಕ್ಕೆ, "ಮಗಳಿಗೆ ಬರೀರಿ, ನನಗೆ ಬಾಯಿಪಾಠ ಆಗಿದೆ" ಅಂದಳು.

ಹೊತ್ತಿಗೆ ಸರಿಯಾಗಿ ಉಣ್ಣು, ಸ್ವೆಟರ್ ಹಾಕಿಕೋ. ನಿನ್ನ ಕೋಣೆಯ ಗೆಳತಿಗೂ ಸೇರಿಸಿ ನಮ್ಮಿಬ್ಬರ ಆಶೀರ್ವಾದ.

ಇಂತು,
ನಿನ್ನ ಅಪ್ಪ

ವಿ.ಸೂ.: ಕಾಗದ ಮಡಚುವಾಗ ಫೋನ್ ಬಂತು. ಸೋಮವಾರದಿಂದಲೇ ಬರಬೇಕಂತೆ! ಓದು ಬಿಟ್ಟು ಎಲ್ಲಾದರೂ ಕೆಲಸಕ್ಕೆ ಸೇರುತ್ತೇನೆ ಅಂತ ಅಮ್ಮನ ಹತ್ತಿರ ಗುಟ್ಟಾಗಿ ಹೇಳಿ, ಕಾಲೇಜು ಬಿಡುವ ಅರ್ಜಿಯನ್ನೂ ಬರೆದಿಟ್ಟಿದ್ದೀಯಂತೆ. ಈ ಕಾಗದ ಕೈಗೆ ಸಿಕ್ಕ ತಕ್ಷಣ ಆ ಅರ್ಜಿ ಹರಿದು ಹಾಕು. ಫೋನಿನಲ್ಲಿ ಹೇಳಿದರೆ ವಾದಕ್ಕೆ ನಿಲ್ಲುತ್ತೀಯ, ಅದಕ್ಕೇ ಬರೆದಿದ್ದೇನೆ.