ಬದುವಿನ ಮೇಲಿನ ಕಾಯಿ

ಹಳಿಯಾಳ
13-10-2025, ಸೋಮವಾರ

ನನ್ನ ಈರೇಶಾ,

ಕೆಮ್ಮು ಹೇಗಿದೆ? ಅಡವಿಯ ನೀರನ್ನು ಕಾಯಿಸದೆ ಕುಡಿಯಬೇಡ ಎಂದು ನೂರು ಸಲ ಹೇಳಿದ್ದೇನೆ. ಹೂಂ ಅನ್ನುತ್ತೀ, ಹಾಗೇ ಕುಡಿಯುತ್ತೀ. ನಾನು ಆರಾಮ ಇದ್ದೇನೆ, ಮೊಣಕಾಲೊಂದು ಹೇಳಿದ ಮಾತು ಕೇಳುತ್ತಿಲ್ಲ. ನಿನ್ನ ಜೋಯಿಡಾ ಕ್ಯಾಂಪಿಗೆ ಫೋನು ಹತ್ತುವುದಿಲ್ಲ, ಅದಕ್ಕೇ ರೇಷನ್ ಒಯ್ಯುವ ಜೀಪಿನವರ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಪೂರ್ತಿ ಓದು, ಅರ್ಧಕ್ಕೇ ಸಿಟ್ಟಾಗಬೇಡ.

ಈ ವರ್ಷ ಗೋವಿನಜೋಳ ಚೆನ್ನಾಗಿ ಬಂದಿತ್ತು. ಕಾಡುಹಂದಿಗಳೂ ಚೆನ್ನಾಗಿಯೇ ಬಂದವು. ಅಡವಿ ಕಡೆಯ ಸಾಲುಗಳೆಲ್ಲ ನೆಲ ಹಿಡಿದಿವೆ. ಸೀಗಿ ಹುಣ್ಣಿಮೆಯ ಮರುದಿನ ಹೊಲಕ್ಕೆ ಹೋದರೆ ಬದುವಿನ ಕಲ್ಲಿನ ಮೇಲೆ ಒಂದು ತೆಂಗಿನಕಾಯಿ, ಐದು ವೀಳ್ಯದೆಲೆ, ಒಂದು ಅಡಿಕೆ. ಪಕ್ಕದ ಹೊಲದ ಸುಶೀಲವ್ವ ಹುಣ್ಣಿಮೆಯ ಎಡೆಯನ್ನು ಹೊಲಕ್ಕೆ ಎರಚಿ ಚರಗ ಚೆಲ್ಲಲು ಬಂದವಳು ನಮ್ಮ ಹೊಲಕ್ಕೂ ಪೂಜೆ ಮಾಡಿದ್ದಾಳೆ, ಎಷ್ಟು ಒಳ್ಳೆಯ ಮನಸ್ಸು ಎಂದುಕೊಂಡೆ. ಆ ಜಿಪುಣಿ ಇಡೀ ಕಾಯಿ ಬಿಟ್ಟು ಹೋಗುವವಳಲ್ಲ ಎಂಬುದು ಆಗಲೇ ಹೊಳೆಯಬೇಕಿತ್ತು. ಮನೆಗೆ ತಂದು, ಒಡೆದು, ಚಟ್ನಿ ಅರೆದೆ. ರುಚಿಯಾಗಿತ್ತು, ಸುಳ್ಳೇಕೆ ಹೇಳಲಿ.

ಶುಕ್ರವಾರ ಮುಂಜಾನೆ ಗೂಳಪ್ಪ ಬಾಗಿಲಿಗೆ ಬಂದ. ಅಜ್ಜನ ಕಾಲದಿಂದ ಶಿಕಾರಿ ಮಾಡಿಕೊಂಡು ಬಂದ ಮನೆತನ, ನಿನಗೆ ಗೊತ್ತೇ ಇದೆ. ಹೆಗಲ ಮೇಲೆ ಬಲೆ, ಹಿಂದೆ ಆರು ಜನ, ನಾಯಿಗಳು ಬೇರೆ. ನಾನು ಒಪ್ಪಿಗೆ ಕೊಟ್ಟೆನಂತೆ, ಹಂದಿ ಹೊಡೆಯಲು ಬಂದರಂತೆ. ಯಾವ ಒಪ್ಪಿಗೆಯೋ ಮಾರಾಯಾ ಎಂದರೆ ಕಾಯಿಯ ಮಾತು ತೆಗೆದ. ಅವರಲ್ಲಿ ಅದು ಹಿಂದಿನಿಂದ ಬಂದ ಪದ್ಧತಿ. ಇನ್ನೊಬ್ಬರ ಹೊಲದಲ್ಲಿ ಬೇಟೆಗಿಳಿಯುವ ಮುಂಚೆ ಬದುವಿನ ಮೇಲೆ ಕಾಯಿ, ಎಲೆ ಇಡುತ್ತಾರೆ. ಹೊಲದವರು ಮನೆಗೆ ಒಯ್ದರೆ ಒಪ್ಪಿಗೆ, ಅಲ್ಲಿಯೇ ಬಿಟ್ಟರೆ ಇಲ್ಲ. ನಿಮ್ಮ ಅಪ್ಪ ಪ್ರತಿ ಸಲ ಬಿಟ್ಟೇ ಬರುತ್ತಿದ್ದರಂತೆ. ನನಗೊಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಅಡವಿ ಕಾಯುವ ಗಾರ್ಡಿನ ಹೊಲದಲ್ಲೇ ಶಿಕಾರಿಯಾದರೆ ನಿನ್ನ ನೌಕರಿ ಉಳಿಯುತ್ತದೆಯೇ? ಬೇರೆ ಕಾಯಿ ಕೊಡುತ್ತೇನೆ, ಒಪ್ಪಿಗೆ ತಿರುಗಿ ಕೊಡಿ ಎಂದೆ. ಒಡೆದು ಉಂಡ ಕಾಯಿಗೆ ಅದು ನಡೆಯುವುದಿಲ್ಲ, ತಾನು ಕರೆತಂದವರ ಮುಂದೆ ಮಾನ ಹೋಗುತ್ತದೆ ಎಂದ. ಪೊಲೀಸರ ಹೆಸರು ಹೇಳಿ ಹೆದರಿಸಬಹುದಿತ್ತು. ಆದರೆ ನಿಮ್ಮ ಅಪ್ಪನಿಗೆ ಎದೆನೋವು ಬಂದ ದಿನ ತನ್ನ ಗಾಡಿಯಲ್ಲಿ ದವಾಖಾನೆಗೆ ಒಯ್ದವನು ಅವನೇ, ಬಾಯಿ ಬರಲಿಲ್ಲ. ಕಡೆಗೆ ಉಳಿದದ್ದು ಒಂದೇ ದಾರಿ.

"ಹೊಲ ನನ್ನದಲ್ಲ ಗೂಳಪ್ಪಾ. ಸರಕಾರದ ಉತಾರದಾಗ ಮಾಲಕ ಅಂತ ಮಗನ ಹೆಸರು ಐತಿ. ನಾ ಕೊಟ್ಟ ಒಪ್ಪಿಗಿ ನಡಿಯಾಂಗಿಲ್ಲ, ಅವನ್ನ ಕೇಳ್ರಿ" ಎಂದೆ.

"ಬಿತ್ತೂದು ನೀವ, ಕಳೆ ತಗಿಯೂದು ನೀವ. ನಿಮ್ಮದಲ್ಲಂದ್ರ ಹೆಂಗ್ರಿ ಅವ್ವಾರ?" ಎಂದ. ಶಿಕಾರಿಗೆ ಒಪ್ಪಿಗೆ ಕೊಡು ಎಂದು ಗಾರ್ಡನ್ನು ಯಾರು ಕೇಳುತ್ತಾರೆ? ಮಾಲಕರಲ್ಲದವರು ಒಯ್ದ ಕಾಯಿ ಲೆಕ್ಕಕ್ಕಿಲ್ಲ ಎಂದು ಅವನೇ ತನ್ನವರಿಗೆ ಹೇಳಿ, ಬಲೆ ಮಡಚಿಕೊಂಡು ಹೋದ.

ಹಂದಿಗಳು ಮಾತ್ರ ಇನ್ನೂ ಬರುತ್ತಿವೆ. ಬೆಳೆ ಹಾನಿಯ ಅರ್ಜಿಗೆ ಯಾರನ್ನು ಕಾಣಬೇಕು ಎಂದು ಬರೆದು ಕಳಿಸು. ಚೀಲದಲ್ಲಿ ಶೇಂಗಾ ಚಟ್ನಿ, ರೊಟ್ಟಿ ಇಟ್ಟಿದ್ದೇನೆ, ಜೊತೆಯವರಿಗೂ ಕೊಡು. ಬೂಟು ಹಾಕದೆ ಅಡವಿಗೆ ಇಳಿಯಬೇಡ. ನೀನು ಹೋದ ದಾರಿಯಲ್ಲೆಲ್ಲ ಶಿವ ನಿನ್ನ ಬೆನ್ನಿಗಿರಲಿ.

ನಿನ್ನ ಅವ್ವ
ಶಂಕ್ರವ್ವ

ತಾ.ಕ.: ಜೀಪಿನವ ಹಾರ್ನ್ ಹೊಡೆಯುತ್ತಿದ್ದಾನೆ. ನಿಮ್ಮ ಅಪ್ಪ ಹೋದಾಗ ಹೊಲದ ಕಾಗದ ಬರೆಯುವ ತಲಾಠಿ ನಿಮ್ಮ ಹೆಸರೂ ಹಾಕಲೇ ಎಂದು ಎರಡು ಸಲ ಕೇಳಿದ್ದ, ಮಗನ ಹೆಸರೊಂದೇ ಸಾಕು ಎಂದವಳು ನಾನೇ. ಶುಕ್ರವಾರ ನಿನ್ನ ನೌಕರಿ ಉಳಿಸಲು ಒಂದು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡೇ ಹೇಳಿದೆ. ಹೇಳಿದ ಮೇಲೆ ತಿಳಿಯಿತು, ಅದು ಖರೆಯೇ ಇತ್ತು. ಬಹಳ ದುಃಖವಾಯಿತು ಈರೇಶಾ, ಮೂರು ದಿನದಿಂದ ಹೊಲಕ್ಕೆ ಹೋಗಿಲ್ಲ. ದೀಪಾವಳಿಗೆ ಬಂದಾಗ ಹಬ್ಬ ಮುಗಿದ ಮೇಲೂ ಒಂದು ದಿನ ಉಳಿ, ಕಚೇರಿಗೆ ಹೋಗೋಣ. ಉತಾರದಲ್ಲಿ ನನ್ನ ಹೆಸರೂ ಹಾಕಿಸು.