ವಾಪಸ್ ಬಾ ಎಂದದ್ದು ಯಾಕೆ

ಮಾಳಮಡ್ಡಿ, ಧಾರವಾಡ
೨೦ ಜುಲೈ ೨೦೨೫

ಮುದ್ದಿನ ಸುರಭಿಗೆ ಅವ್ವನ ಅಕ್ಕರೆಯ ಆಶೀರ್ವಾದಗಳು.

ಫೋನ್ ಬಿಟ್ಟು ಪತ್ರ ಯಾಕೆ ಅಂತ ನಿನಗೆ ಆಶ್ಚರ್ಯವಾಗಬಹುದು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಕರಗಿಬಿಡುತ್ತೇನೆ, ಹೇಳಬೇಕಾದ ಮಾತು ಬಿಟ್ಟು ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡುತ್ತೇನೆ.

ಹೋದ ರವಿವಾರ ನೀನು ಮುಂಬೈಯಿಂದ ಅಳುತ್ತ ಫೋನ್ ಮಾಡಿದೆ. ಆಕ್ಚುರಿ ಪರೀಕ್ಷೆಯ ಅದೇ ಪತ್ರಿಕೆಯಲ್ಲಿ ಮತ್ತೆ ಫೇಲಾಗಿತ್ತು. ಈ ಓದೂ ಸಾಕು, ವಿಮಾ ಕಂಪನಿಯ ಕೆಲಸವೂ ಸಾಕು, ತಿಂಗಳ ಕೊನೆಗೆ ರಾಜೀನಾಮೆ ಕೊಡುತ್ತೇನೆ ಅಂದೆ. ಬಂದುಬಿಡು ಅಂದೆ ನಾನು. ನಮ್ಮ ಕಾಲೇಜಿನಲ್ಲಿ ಗಣಿತಕ್ಕೆ ಅತಿಥಿ ಉಪನ್ಯಾಸಕರು ಬೇಕಾಗಿದ್ದಾರೆ, ಪ್ರಾಚಾರ್ಯರ ಹತ್ತಿರ ನಾನೇ ಮಾತಾಡುತ್ತೇನೆ ಅಂತಲೂ ಹೇಳಿದೆ. ನಿನ್ನ ಅಪ್ಪ ಮರುದಿನವೇ ನಿನ್ನ ಕೋಣೆಗೆ ಬಣ್ಣ ಹಚ್ಚಿಸಲು ಶುರು ಮಾಡಿದರು.

ಅಷ್ಟು ಲಗುಬಗೆಯಿಂದ ಕರೆದದ್ದು ಯಾಕೆ ಅಂತ ಈ ವಾರವೆಲ್ಲ ನನ್ನನ್ನೇ ಕೇಳಿಕೊಂಡೆ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು ಇದೆ, ಸುರಭಿ. ತಾಯಿ ಮಗಳಿಗೆ ಬರೆಯುವ ಮಾತಲ್ಲ ಇದು. ಆದರೂ ಖರೇ.

ದೀಪಾವಳಿಗೆ ಬಂದಾಗ ನೀನು ನಿನ್ನ ಪರೀಕ್ಷೆಯ ಒಂದು ಲೆಕ್ಕವನ್ನು ನನ್ನ ಮುಂದಿಟ್ಟೆ, ನೆನಪಿದೆಯೇ? ನಾನು ಉತ್ಸಾಹದಿಂದ ಬಿಡಿಸತೊಡಗಿದೆ. ಅರ್ಧಕ್ಕೆ ನಿಂತದ್ದು ಕಂಡು ನೀನು ಮೆಲ್ಲಗೆ ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡೆ. "ಇರ್ಲಿ ಬಿಡವ್ವ, ಇದು ನಿನಗ ತಿಳಿಯೂದಲ್ಲ," ಅಂದೆ. ಪ್ರೀತಿಯಿಂದಲೇ ಅಂದೆ. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುವಿ ನಿಂತೆ.

ಅದರ ಮುಂದಿನ ವಾರ ನಮ್ಮ ಪ್ರಾಚಾರ್ಯ ತ್ರ್ಯಂಬಕ ಸರ್ ಮಕ್ಕಳೆದುರು ಮಾತಾಡಲು ನಿನ್ನನ್ನು ಕಾಲೇಜಿಗೆ ಕರೆಸಿದರು. ಒಬ್ಬ ಮನುಷ್ಯ ಯಾವಾಗ ಸಾಯುತ್ತಾನೆಂದು ಯಾರಿಗೂ ಗೊತ್ತಿಲ್ಲ, ಆದರೆ ಸಾವಿರಾರು ಜನರ ಗುಂಪಿನಲ್ಲಿ ಈ ವರ್ಷ ಸುಮಾರು ಎಷ್ಟು ಮಂದಿ ಸಾಯಬಹುದು ಎಂದು ಅಂದಾಜು ಮಾಡಬಹುದು. ವಿಮೆ, ಪಿಂಚಣಿ ಎಲ್ಲ ನಿಂತಿರುವುದೇ ಈ ಅಂದಾಜಿನ ಮೇಲೆ, ಅದನ್ನು ಲೆಕ್ಕ ಹಾಕುವವರೇ ಆಕ್ಚುರಿಗಳು ಎಂದು ನೀನು ಹೇಳುತ್ತಿದ್ದರೆ ಮಕ್ಕಳು ಬೆಂಚಿನ ತುದಿಗೆ ಬಂದು ಕೂತಿದ್ದರು. ಸಂಭವನೀಯತೆಯ ಪಾಠಕ್ಕೆ ನನ್ನೆದುರು ಆಕಳಿಸುವ ಅವೇ ಮಕ್ಕಳು. ಸರ್ ನನ್ನನ್ನು ಸುರಭಿಯ ತಾಯಿ ಎಂದು ಪರಿಚಯಿಸಿದರು. ನಾನು ಪಾಠ ಹೇಳುವ ಕಾಲೇಜಿನಲ್ಲಿ! ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಒಳಗೆ ಉರಿಯುತ್ತಿತ್ತು.

ನಾನು ಎಂ.ಎಸ್ಸಿ. ಮಾಡುವಾಗ ಇಂಥದೊಂದು ಉದ್ಯೋಗ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಯಾರೂ ತಡೆಯಲಿಲ್ಲ, ಯಾರೂ ಹೇಳಲೂ ಇಲ್ಲ. ತಡೆದಿದ್ದರೆ ಬೈಯಲು ಒಬ್ಬರಾದರೂ ಇರುತ್ತಿದ್ದರು. ಗಣಿತ ಓದಿದ ಹುಡುಗಿ ಮಾಸ್ತರಿಕೆ ಮಾಡಬೇಕು ಎಂದು ನಂಬಿದ್ದೆ, ಮಾಡಿದೆ. ನಿನಗೆ ಆ ಬಾಗಿಲು ತೆರೆದಿತ್ತಲ್ಲ, ಅದೇ ನನ್ನ ಸಂಕಟ.

ಹೀಗಾಗಿ ನೀನು ಫೇಲಾದೆ ಅಂದಾಗ ಮರುಕಕ್ಕಿಂತ ಮೊದಲು ಮನಸ್ಸು ಹಗುರವಾಯಿತು. ಮರುಕ ಆಮೇಲೆ ಬಂತು. ಆ ಸಂಜೆ ನಿನ್ನ ಅಪ್ಪನ ಜೊತೆ ಕೆಲಗೇರಿ ಕೆರೆಯ ಕಡೆ ಹೋಗಿದ್ದೆ. ದಂಡೆಯ ಮೇಲೆ ಪೇರಲಹಣ್ಣು ತಿನ್ನುತ್ತ ಏನೇನೋ ಹರಟಿದೆ. ಭಾಳ ದಿನದ ಮೇಲೆ ನಗಾಕತ್ತಿ ಅಂದರು ಅವರು.

ನಿನ್ನೆ ಫಿರದೋಸ ಸಲಹೆ ಕೇಳಲು ಬಂದಿದ್ದಳು. ನಿನ್ನ ಭಾಷಣ ಕೇಳಿ ಇದನ್ನೇ ಓದುತ್ತೇನೆ ಎಂದು ಹಟ ಹಿಡಿದ ನನ್ನ ವಿದ್ಯಾರ್ಥಿನಿ. ಅವಳ ತಂದೆ ಮಕಬೂಲಸಾಬರು ಅಮರಗೋಳದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾರೆ. ವರ್ಷಗಟ್ಟಲೆ ಪರೀಕ್ಷೆ, ಹುಬ್ಬಳ್ಳಿಯಲ್ಲಿ ಕೆಲಸ ಸಿಗುವುದು ಕಷ್ಟ, ಮುಂಬೈಗೇ ಹೋಗಬೇಕು ಎಂದು ಅವರಿಗೆ ಚಿಂತೆ. ನಾನು ಅವಳಿಗೂ ಬೇಡ ಅನ್ನುವವಳಿದ್ದೆ. ನೋಡು, ಸುರಭಿಯೇ ಫೇಲಾಗಿ ವಾಪಸ್ ಬರುತ್ತಿದ್ದಾಳೆ ಅಂದೆ.

ಹುಡುಗಿ, "ಅಕ್ಕಾರು ಸೈತ ಫೇಲ್ ಆಗ್ತಾರಂದ್ರ ನನಗ ಧೈರ್ಯ ಬಂತ್ರಿ ಮೇಡಂ," ಅಂದಳು. "ನಾನೂ ಒಂದೆರಡು ಸಲ ಬೀಳಬಹುದಲ್ರಿ. ಆದ್ರ ಅವರ್ಯಾಕ ವಾಪಸ್ ಬರಾಕತ್ತಾರ?"

ನೀನು ಬರುತ್ತಿರುವುದು ನಾನು ಕರೆದದ್ದಕ್ಕೆ. ನಾನು ಕರೆದದ್ದು ನೀನೂ ನನ್ನಂತೆಯೇ ಆಗಬೇಕು ಎಂಬ ಆಸೆಗೆ.

ಬರಬೇಡ ಮಗಳೇ. ರಾಜೀನಾಮೆ ಕೊಡಬೇಡ. ಆ ಪತ್ರಿಕೆಯನ್ನು ಮತ್ತೊಮ್ಮೆ ಬರೆ. ನಿನ್ನ ಆಫೀಸಿನ ಹಿರಿಯರೂ ಬಿದ್ದು ಎದ್ದೇ ಪಾಸಾದವರು ಅಂತ ನೀನೇ ಹೇಳಿದ್ದೆ. ಇಷ್ಟಾದ ಮೇಲೂ ಈ ಓದು ನಿನಗೆ ಒಗ್ಗದಿದ್ದರೆ ಆಗ ಬಿಡು, ಆದರೆ ನನ್ನ ಮಾತು ಕೇಳಿ ಬಿಡಬೇಡ. ಕಾಲೇಜಿನ ಆ ಜಾಗಕ್ಕೆ ಬೇರೆಯವರನ್ನು ನೋಡಿಕೊಳ್ಳಿರಿ ಎಂದು ಸರ್‌ಗೆ ಹೇಳಿದ್ದೇನೆ. ದಸರೆಗೆ ಬಾ, ಹೊಸ ಬಣ್ಣದ ಕೋಣೆಯಲ್ಲಿ ಮನಸಾರೆ ಮಲಗು, ಮತ್ತೆ ಹೊರಡು.

ಸಿಟ್ಟು ಬಂದಿದ್ದರೆ ಬೈದು ಬರೆ. ಓದುತ್ತೇನೆ.

ನಿನ್ನ ಅವ್ವ,
ಮಂದಾಕಿನಿ

ತಾ.ಕ.: ಇದನ್ನೆಲ್ಲ ಬರೆದ ಮೇಲೂ ಹೊಟ್ಟೆಕಿಚ್ಚು ಹೋಗಿಲ್ಲ. ಫಿರದೋಸಳ ಜೊತೆ ಆಕ್ಚುರಿ ಪ್ರವೇಶ ಪರೀಕ್ಷೆಗೆ ನಾನೂ ಹೆಸರು ಕೊಡಲಿದ್ದೇನೆ. ನನ್ನ ವಯಸ್ಸು ಅಡ್ಡಿಯಾಗುವುದಿಲ್ಲವಂತೆ, ವಿಚಾರಿಸಿದೆ. ನಿನ್ನ ಅಪ್ಪನಿಗೆ ಇನ್ನೂ ಹೇಳಿಲ್ಲ, ನೀನೂ ಹೇಳಬೇಡ. ಲಗೂ ಲಗೂ ಓದವ್ವ, ನಿನ್ನ ಹಿಂದ ನಾನೂ ಬರಾಕತ್ತೇನಿ.